ಮೊದಲ ಮರದ ಬಟ್ಟಲು ಕಡೆದ ಬಗೆ

ಮರವನ್ನು ಗರಗರ ತಿರುಗಿಸಿ ಉಳಿಯಿಂದ ಕಡೆಯುವ ಲೇತ್ ಯಂತ್ರದಲ್ಲಿ ಮಾಡಿದ ಕೆಲಸವಿದು. ತೆಗೆದುಕೊಂಡದ್ದು 180 ಮಿ.ಮೀ. ವ್ಯಾಸ, 65 ಮಿ.ಮೀ. ದಪ್ಪದ ಒಣ ತುಂಡು. ಗಂಟಿಲ್ಲ, ಬಿರುಕಿಲ್ಲ; ಕಾಂಡದ ತಿರುಳು ಬಿಟ್ಟು ಕೊಯ್ದದ್ದು. ತಿರುಳು ಉಳಿದರೆ ಬಟ್ಟಲು ಅಲ್ಲಿಂದಲೇ ಸೀಳುತ್ತದೆ. ಮರದ ಎಳೆ ತಳಕ್ಕೆ ಸಮಾನಾಂತರವಾಗಿ ಮಲಗಿರಬೇಕು. ಹಾಗಿದ್ದಾಗ ಪ್ರತಿ ಸುತ್ತಿನಲ್ಲೂ ಎರಡು ಕಡೆ ಎಳೆಯ ತುದಿ ಉಳಿಗೆ ಎದುರಾಗುತ್ತದೆ. ಮುಂದಿನ ತೊಡಕೆಲ್ಲ ಅಲ್ಲಿಯದೇ.

ಬಾಯಿಯಾಗುವ ಮುಖಕ್ಕೆ ಫೇಸ್‌ಪ್ಲೇಟ್ (ತುಂಡನ್ನು ಲೇತಿಗೆ ಕೂರಿಸುವ ಲೋಹದ ಬಿಲ್ಲೆ) ಇಟ್ಟು ಸ್ಕ್ರೂ ಬಿಗಿದೆ. ಸ್ಕ್ರೂ 20 ಮಿ.ಮೀ. ಒಳಹೋದರೂ ಚಿಂತೆಯಿಲ್ಲ, ಆ ಭಾಗ ಹೇಗೂ ಟೊಳ್ಳಾಗುತ್ತದೆ. ಜಿಪ್ಸಮ್ ಹಲಗೆಗೆ ಬಳಸುವ ಡ್ರೈವಾಲ್ ಸ್ಕ್ರೂ ಬೇಡ, ಪಟ್ಟನೆ ಮುರಿಯುತ್ತದೆ. ಎದುರಿನಿಂದ ಟೇಲ್‌ಸ್ಟಾಕ್, ಅಂದರೆ ಲೇತಿನ ಇನ್ನೊಂದು ತುದಿಯ ಒತ್ತಾಸರೆ, ಆನಿಸಿದೆ. ಉಳಿ ಊರುವ ಟೂಲ್ ರೆಸ್ಟ್ ಮರದಿಂದ 5 ಮಿ.ಮೀ. ದೂರ, ಮೋಟಾರ್ ಹಾಕುವ ಮುನ್ನ ತುಂಡನ್ನು ಕೈಯಿಂದ ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಲೇಬೇಕು. ಶುರುವಿಗೆ 500 ಆರ್‌ಪಿಎಂ (ನಿಮಿಷಕ್ಕೆ ಇಷ್ಟು ಸುತ್ತು), ಓಲಾಟ ನಿಂತ ಮೇಲೆ 1000. ಮುಖವನ್ನೆಲ್ಲ ಮುಚ್ಚುವ ಶೀಲ್ಡ್ ಬೇಕೇ ಬೇಕು.

ಉಳಿ 10 ಮಿ.ಮೀ. ಬೌಲ್ ಗೌಜ್, ಅಂದರೆ ಬಟ್ಟಲಿಗೆಂದೇ ಇರುವ ತೋಡುಳಿ. ಕಂಬ ಕಡೆಯುವ ಅಗಲ ರಫಿಂಗ್ ಗೌಜನ್ನು ಬಟ್ಟಲಿಗೆ ಒಡ್ಡಬಾರದು. ಹಿಡಿಯೊಳಗೆ ಹೋಗುವ ಅದರ ಬಾಲ ತೆಳು, ಹೊಡೆತಕ್ಕೆ ಮುರಿಯುತ್ತದೆ. ಮೊದಲು ಉಳಿಯ ಓರೆಮೈ (ಅಲಗಿನ ಹಿಂದೆ ಓರೆಯಾಗಿ ಮಸೆದ ಭಾಗ) ಮರವನ್ನು ಸವರಬೇಕು. ಹಿಡಿಯನ್ನು ಮೆಲ್ಲಗೆ ಎತ್ತಿದರೆ ಆಗ ಉಳಿಯ ಅಲಗು ತಾನೇ ಚಕ್ಕೆ ಎಬ್ಬಿಸುತ್ತದೆ. ಓರೆಮೈ ಮರ ಬಿಟ್ಟ ಕ್ಷಣ ಆಸರೆಯಿಲ್ಲದ ಅಂಚು ಕಚ್ಚಿಕೊಳ್ಳುತ್ತದೆ, ಕೆಲವೊಮ್ಮೆ ತುಂಡೇ ಕಿತ್ತುಬರುತ್ತದೆ.

ಹೊರಮೈಯನ್ನು ತಳದಿಂದ ಬಾಯಿಯತ್ತ ಕಡೆದೆ, ಒಳಮೈಯನ್ನು ಬಾಯಿಯಿಂದ ನಡುವಿಗೆ. ಹೀಗೆ ಹೋದರೆ ಕತ್ತರಿಸುವ ಎಳೆಯ ಹಿಂದೆ ಇನ್ನೊಂದು ಎಳೆ ಆಸರೆಯಾಗಿರುತ್ತದೆ. ತಿರುವುಮುರುವಾದರೆ ಎಳೆಯ ತುದಿಗಳು ಕಿತ್ತು ಒರಟಾಗುತ್ತವೆ. ಕಿತ್ತದ್ದನ್ನು ಉಜ್ಜುಕಾಗದದಿಂದ ಸರಿಮಾಡಲು ಹೊರಟರೆ ಪಕ್ಕದ ಮೆದು ಜಾಗ ತಗ್ಗಾಗುತ್ತದೆ, ಕಲೆ ಮಾತ್ರ ಉಳಿಯುತ್ತದೆ. ಉಳಿಯನ್ನು ಹೊಸದಾಗಿ ಮಸೆದು, ಕೂದಲೆಳೆಯಷ್ಟೇ ತೆಗೆಯುವುದೊಂದೇ ದಾರಿ.

ತಳದಲ್ಲಿ 50 ಮಿ.ಮೀ. ಅಗಲ, 6 ಮಿ.ಮೀ. ಎತ್ತರದ ಟೆನನ್ (ಹಿಡಿತಕ್ಕೆ ಬಿಡುವ ಗುಂಡು ಗೂಟ) ಬಿಟ್ಟು, ಅದರ ಪಕ್ಕವನ್ನು, ಅದನ್ನು ಕಚ್ಚಿ ಹಿಡಿಯುವ ಚಕ್‌ನ ದವಡೆಯ ಓರೆಗೆ ಹೊಂದಿಸಿದೆ. ಟೆನನ್ನಿನ ತುದಿ ಚಕ್‌ನ ತಳ ಮುಟ್ಟಬಾರದು. ಟೆನನ್ನಿನ ಬುಡದ ಸುತ್ತಲಿನ ಹೆಗಲು ದವಡೆಯ ಮೇಲೆ ಸಮನಾಗಿ ಕೂರಬೇಕು. ಇಲ್ಲಿ ತಪ್ಪಿದರೆ ಬಟ್ಟಲು ಅದುರುತ್ತದೆ.

ಫೇಸ್‌ಪ್ಲೇಟ್ ಬಿಚ್ಚಿ, ತುಂಡನ್ನು ತಿರುಗಿಸಿ ಟೆನನ್ನನ್ನು ಚಕ್‌ಗೆ ಹಿಡಿಸಿದ ಮೇಲೆ ನಡುವೆ ಆಳ ಗುರುತಿಸುವ ತೂತು ಕೊರೆದೆ, ಹೆಗಲಿನಿಂದ 10 ಮಿ.ಮೀ. ಮೇಲೆ ನಿಲ್ಲುವಂತೆ ಡ್ರಿಲ್‌ಗೆ ಟೇಪ್ ಸುತ್ತಿ. ಬಾಯಿಯಿಂದ ಸುಮಾರು 25 ಮಿ.ಮೀ. ಆಳದವರೆಗೆ ಗೋಡೆಯನ್ನು 8 ಮಿ.ಮೀ.ಗೆ ಇಳಿಸಿ, ಅಲ್ಲಿಯ ಕೆಲಸ ಪೂರ್ತಿ ಮುಗಿಸಿಯೇ ಕೆಳಗಿಳಿದೆ. ನಡುವಿನ ಮರ ಹೋದಂತೆ ಅಂಚು ಸೊಟ್ಟಗಾಗಿ ನಡುಗುತ್ತದೆ. ಮತ್ತೆ ಅಲ್ಲಿಗೆ ಉಳಿ ಒಯ್ದರೆ ಬಿರುಕು ಬಿಡಬಹುದು.

ಉಜ್ಜುವಾಗ ವೇಗ ಅರ್ಧಕ್ಕೆ, ಮೂಗಿಗೆ ಮಾಸ್ಕ್. ಉಜ್ಜುಕಾಗದದ ನುಣುಪಿನ ಸಂಖ್ಯೆ 120ರಿಂದ 180, 240, 320. ಕೊನೆಗೆ ಮೆತ್ತೆ ಸುತ್ತಿದ ಮರದ ದಿಮ್ಮಿಗೆ ಬಟ್ಟಲನ್ನು ಬೋರಲು ಹಾಕಿ, ಟೇಲ್‌ಸ್ಟಾಕಿನಿಂದ ಒತ್ತಿ ಹಿಡಿದು ಟೆನನ್ ಕಡೆದು ತೆಗೆದೆ. ನಡುವೆ ಉಳಿದ ಗುಬಟನ್ನು ಕೈ ಉಳಿಯಿಂದ ತೆಗೆದು ಎಣ್ಣೆ ಹಚ್ಚಿದೆ.