ಗ್ರಾಫಿನ ಮೇಲಿನ ಕಡ್ಡಿಯನ್ನು ಓದುವುದು ಹೇಗೆ?

ತೊಗರಿ ತಳಿಗಳ ಇಳುವರಿ ಹೋಲಿಸುವ ಗ್ರಾಫ್ ಕಲಬುರಗಿಯವರಿಗೆ ಹೊಸದೇನಲ್ಲ. ಟಿಎಸ್-3ಆರ್, ಜಿಆರ್‌ಜಿ-811 ಎಂದು ಸಾಲಾಗಿ ಕಂಬಗಳು. ಒಂದೊಂದು ಕಂಬದ ನೆತ್ತಿಯ ಮೇಲೂ ಒಂದು ಸಣ್ಣ ಕಡ್ಡಿ. ಇದೇ ಎರರ್ ಬಾರ್. ಕಂಬವನ್ನು ಎಲ್ಲರೂ ನೋಡುತ್ತಾರೆ, ಕಡ್ಡಿ ನೋಡುವವರು ಕಮ್ಮಿ. ಆದರೆ ಯಾವ ತಳಿ ಬಿತ್ತೋಣ ಎಂಬ ಮಾತು ಬಂದಾಗ ಕಡ್ಡಿ ನೋಡದೆ ಉತ್ತರ ಸಿಗುವುದಿಲ್ಲ.

ಮೊದಲು, ಇದು ಯಾವ ಕಡ್ಡಿ ಎಂದು ಕೇಳಿ. ನೋಡಲು ಒಂದೇ ಥರ ಇರುವ ಕಡ್ಡಿಗೆ ಮೂರು ಅರ್ಥ ಇರಬಹುದು. ಒಂದು ಲೆಕ್ಕ ಹಾಕಿ ನೋಡೋಣ (ಅಂಕಿಗಳು ಉದಾಹರಣೆಗೆ ಮಾತ್ರ). ಒಂದು ತಳಿಯನ್ನು 9 ತಾಕುಗಳಲ್ಲಿ ಬೆಳೆದಿದ್ದೇವೆ. ಸರಾಸರಿ ಹೆಕ್ಟೇರಿಗೆ 12 ಕ್ವಿಂಟಲ್. ತಾಕಿನಿಂದ ತಾಕಿಗೆ ಇಳುವರಿ ಏರುಪೇರಾಗುತ್ತದಲ್ವಾ, ಆ ಏರುಪೇರಿನ ಅಳತೆಯೇ ಸ್ಟ್ಯಾಂಡರ್ಡ್ ಡೀವಿಯೇಶನ್. ಅದು 1.8 ಎಂದುಕೊಳ್ಳಿ. ಅದನ್ನು 9ರ ವರ್ಗಮೂಲ 3ರಿಂದ ಭಾಗಿಸಿದರೆ 0.6. ಇದು ಸ್ಟ್ಯಾಂಡರ್ಡ್ ಎರರ್. ನಾವು ಕಂಡುಕೊಂಡ ಸರಾಸರಿ ಎಷ್ಟು ಅಲುಗಾಡಬಹುದು ಎಂದು ಅದು ಹೇಳುತ್ತದೆ. 9 ತಾಕುಗಳಿಗೆ ಅದನ್ನು 2.31ರಿಂದ (ತಾಕುಗಳ ಸಂಖ್ಯೆಗೆ ತಕ್ಕಂತೆ ಟಿ-ಕೋಷ್ಟಕದಲ್ಲಿ ಸಿಗುವ ಸಂಖ್ಯೆ) ಗುಣಿಸಿದರೆ ಸುಮಾರು 1.4. ಅಂದರೆ 10.6ರಿಂದ 13.4ರವರೆಗೆ ಶೇ 95ರ ಕಾನ್ಫಿಡೆನ್ಸ್ ಇಂಟರ್ವಲ್. ಒಂದೇ ಮಾಹಿತಿ, ಕಡ್ಡಿಯ ಉದ್ದ ಮಾತ್ರ 1.8, 0.6 ಅಥವಾ 1.4! ಸ್ಟ್ಯಾಂಡರ್ಡ್ ಎರರ್ ಕಡ್ಡಿ ಎಲ್ಲಕ್ಕಿಂತ ಗಿಡ್ಡ. ಹಾಗಾಗಿ ಅದನ್ನು ಹಾಕಿದ ಗ್ರಾಫ್ ತುಂಬಾ ಖಚಿತವಾಗಿ ಕಾಣುತ್ತದೆ.

‘ಎರಡರಿಂದ ಗುಣಿಸಿದರೆ ಆಯಿತು’ ಎನ್ನುವವರಿದ್ದಾರೆ. ತಾಕುಗಳು ಜಾಸ್ತಿ ಇದ್ದಾಗ ಆ ಸಂಖ್ಯೆ 1.96ರ ಹತ್ತಿರ ಬರುತ್ತದೆ, ಸರಿ. ನಾಲ್ಕೇ ತಾಕು ಇದ್ದರೆ 3.18 ಬೇಕು.

ಶೇ 95ರ ಅರ್ಥವನ್ನು ಇಲ್ಲಿ ನಿಧಾನವಾಗಿ ನೋಡಬೇಕು. ಇದೇ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿ, ಪ್ರತಿ ಸಲ ಹೀಗೇ ಇಂಟರ್ವಲ್ ಲೆಕ್ಕ ಹಾಕಿದರೆ, ನೂರರಲ್ಲಿ ಸುಮಾರು 95 ಸಲ ನಿಜವಾದ ಸರಾಸರಿ ಅದರೊಳಗೆ ಬೀಳುತ್ತದೆ. ಅಷ್ಟೇ. ‘ನಮ್ಮ ಹೊಲದಲ್ಲಿ 10.6ರಿಂದ 13.4 ಕ್ವಿಂಟಲ್ ಬರುತ್ತದೆ’ ಎಂದು ರೈತರಿಗೆ ಹೇಳಿದರೆ ಅದು ತಪ್ಪು ಭರವಸೆ. ಇಂಥದ್ದೇ ಇನ್ನೊಂದು ತಾಕಿನ ಇಳುವರಿ ಎಷ್ಟಿರಬಹುದು ಎಂಬುದಕ್ಕೆ ಪ್ರೆಡಿಕ್ಷನ್ ಇಂಟರ್ವಲ್ ಎಂಬ ಬೇರೆ ಲೆಕ್ಕವಿದೆ. ಅದನ್ನು ಹಾಕಿದರೆ 7.6ರಿಂದ 16.4 ಬರುತ್ತದೆ. ವ್ಯತ್ಯಾಸ ನೋಡಿ!

ಎರಡನೆಯದಾಗಿ, ಸಾಫ್ಟ್‌ವೇರ್ ತಾನಾಗಿ ಏನು ಹಾಕಿದೆ ಎಂದು ನೋಡಿ. ಆರ್ ಎಂಬ ಅಂಕಿಅಂಶಗಳ ಸಾಫ್ಟ್‌ವೇರ್‌ನಲ್ಲಿ ಗ್ರಾಫ್ ಬಿಡಿಸುವ ಜಿಜಿಪ್ಲಾಟ್2ರಲ್ಲಿ ಸ್ಮೂತ್ ಗೆರೆ ಎಳೆದರೆ ಸುತ್ತ ಬರುವ ಬೂದು ಪಟ್ಟಿ ಶೇ 95ರ ಇಂಟರ್ವಲ್. ಅದೇ ಜಿಜಿಪ್ಲಾಟ್2ರಲ್ಲಿ ಸರಾಸರಿ ತೆಗೆದು ಹಾಕುವ ಸ್ಟ್ಯಾಟ್ ಸಮ್ಮರಿಗೆ ನೀವು ಏನೂ ಹೇಳದಿದ್ದರೆ ಒಂದು ಸ್ಟ್ಯಾಂಡರ್ಡ್ ಎರರ್ ಹಾಕುತ್ತದೆ. ಪೈಥಾನ್ ಭಾಷೆಯಲ್ಲಿ ಗ್ರಾಫ್ ಬಿಡಿಸುವ ಸೀಬಾರ್ನ್ ಕಂಬದ ಗ್ರಾಫಿಗೆ ಶೇ 95ರ ಇಂಟರ್ವಲ್ ಕೊಡುತ್ತದೆ.

ಜಾಸ್ತಿ ಎಚ್ಚರ ಬೇಕಾದದ್ದು ಎಕ್ಸೆಲ್‌ನಲ್ಲಿ. ತಳಿಗಳ ಸರಾಸರಿಗಳನ್ನಷ್ಟೇ ಕಂಬ ಮಾಡಿ, ಎರರ್ ಬಾರ್ಸ್‌ನಲ್ಲಿ ‘ಸ್ಟ್ಯಾಂಡರ್ಡ್ ಎರರ್’ ಒತ್ತಿದರೆ ಅದು ನಿಮ್ಮ ತಾಕುಗಳ ಲೆಕ್ಕ ಹಾಕುವುದಿಲ್ಲ. ಅದಕ್ಕೆ ತಾಕುಗಳು ಗೊತ್ತೇ ಇಲ್ಲ. ಎದುರಿಗಿರುವ ಸರಾಸರಿಗಳಿಂದಲೇ ಒಂದು ಸಂಖ್ಯೆ ತೆಗೆದು ಎಲ್ಲ ಕಂಬಕ್ಕೂ ಅದನ್ನೇ ಅಂಟಿಸುತ್ತದೆ. ಎಲ್ಲ ಕಡ್ಡಿಗಳೂ ಒಂದೇ ಉದ್ದ ಇದ್ದರೆ ಮೊದಲು ಇದನ್ನೇ ಅನುಮಾನಿಸಿ. ಪ್ರತಿ ತಳಿಯ ಸ್ಟ್ಯಾಂಡರ್ಡ್ ಎರರ್ ಬೇರೆಯಾಗಿ ಲೆಕ್ಕ ಹಾಕಿ, ‘ಕಸ್ಟಮ್’ ಆಯ್ಕೆಯಲ್ಲಿ ಕೊಡಬೇಕು.

ಇನ್ನು ಹೋಲಿಕೆ. ಎರಡನೇ ತಳಿಯ ಸರಾಸರಿ 14 ಎನ್ನೋಣ, ಉಳಿದದ್ದೆಲ್ಲ ಮೊದಲಿನಂತೆಯೇ. ಅದರ ಇಂಟರ್ವಲ್ 12.6ರಿಂದ 15.4. ಮೊದಲಿನದು 13.4ರವರೆಗೆ ಇತ್ತು. ಎರಡೂ ಒಂದರ ಮೇಲೊಂದು ಬಿದ್ದಿವೆ, ಹಾಗಾದರೆ ವ್ಯತ್ಯಾಸವಿಲ್ಲ ಎಂದು ಬಹಳ ಮಂದಿ ಅಲ್ಲಿಗೇ ನಿಲ್ಲಿಸುತ್ತಾರೆ. ಅದು ಸರಿಯಲ್ಲ. ವ್ಯತ್ಯಾಸಕ್ಕೆ ಅದರದೇ ಸ್ಟ್ಯಾಂಡರ್ಡ್ ಎರರ್ ಇದೆ. ಎರಡೂ 0.6ಗಳನ್ನು ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆದರೆ 0.85. ಎರಡು ತಳಿಗೂ ಸೇರಿ 18 ತಾಕುಗಳಿರುವುದರಿಂದ ಅದನ್ನು 2.12ರಿಂದ ಗುಣಿಸಿ. ವ್ಯತ್ಯಾಸ 2 ಕ್ವಿಂಟಲ್, ಅದರ ಇಂಟರ್ವಲ್ 0.2ರಿಂದ 3.8. ಇದರಲ್ಲಿ ಸೊನ್ನೆ ಇಲ್ಲ. ಎರಡನೇ ತಳಿ ಮುಂದಿದೆ ಎನ್ನಲು ಆಧಾರವಿದೆ. ಎಷ್ಟು ಮುಂದೆ ಎಂಬುದು ಮಾತ್ರ ಇನ್ನೂ ಸಡಿಲ. ಎರಡು ಇಂಟರ್ವಲ್‌ಗಳು ಒಂದಕ್ಕೊಂದು ತಾಗದೇ ಇದ್ದರೆ ವ್ಯತ್ಯಾಸ ಇದೆ ಎನ್ನಬಹುದು. ತಾಗಿದರೆ ಇಲ್ಲ ಎನ್ನಲು ಬರುವುದಿಲ್ಲ.

ಒಂದೇ ಥರದ ನೆಲದ ತಾಕುಗಳನ್ನು ಗುಂಪು (ಬ್ಲಾಕ್) ಮಾಡಿ, ಪ್ರತಿ ಗುಂಪಿನಲ್ಲೂ ಎಲ್ಲ ತಳಿ ಹಂಚಿದ್ದರೆ ಈ ಲೆಕ್ಕ ಬದಲಾಗುತ್ತದೆ, ಬ್ಲಾಕಿನೊಳಗಿನ ವ್ಯತ್ಯಾಸವನ್ನೇ ಹಿಡಿಯಬೇಕು.

ಒಂದು ತಾಕಿನಿಂದ ಮೂವತ್ತು ಗಿಡ ಕಿತ್ತು ಅಳೆದರೆ ಮೂವತ್ತು ಮಾದರಿ ಆಗುವುದಿಲ್ಲ. ಆ ಗಿಡಗಳೆಲ್ಲ ಒಂದೇ ಮಣ್ಣು, ಒಂದೇ ತೇವ ಉಂಡವು. ತಳಿಯನ್ನು ತಾಕಿಗೆ ಕೊಟ್ಟಿದ್ದರೆ ಎಣಿಸಬೇಕಾದದ್ದು ತಾಕನ್ನು. ಗಿಡ ಎಣಿಸಿದರೆ ಕಡ್ಡಿ ಸುಮ್ನೆ ಗಿಡ್ಡವಾಗುತ್ತದೆ.

ನಿಮ್ಮ ಗ್ರಾಫಿನ ಕೆಳಗೆ ಒಂದು ಸಾಲು ಬರೆಯಲು ಮರೆಯಬೇಡಿ: ‘ಕಂಬ 9 ತಾಕುಗಳ ಸರಾಸರಿ, ಕಡ್ಡಿ ಶೇ 95ರ ಕಾನ್ಫಿಡೆನ್ಸ್ ಇಂಟರ್ವಲ್.’ ಬೇರೆಯವರ ಗ್ರಾಫಿನಲ್ಲಿ ಈ ಸಾಲು ಇಲ್ಲದಿದ್ದರೆ, ಬೀಜ ಕೊಳ್ಳುವ ಮೊದಲು ಕೇಳಿ ತಿಳಿದುಕೊಳ್ಳಿ.