ಸತ್ಯವೇದದ ಒಂದು ಭಾಗವನ್ನು ನಾನು ಓದುವ ಬಗೆ

ಹೊಸ ವರ್ಷಕ್ಕೆ ದೇವರ ಮಾತೆಂದು ಒಂದೊಂದು ವಚನ ಬರೆದು ಕೊಡುವ ವಾಗ್ದಾನ ಕಾರ್ಡುಗಳಲ್ಲಿ ಮತ್ತೆ ಮತ್ತೆ ಕಾಣುವ ವಚನ ಯೆರೆಮೀಯ 29:11. ನಿಮಗೆ ಕೇಡನ್ನಲ್ಲ, ಹಿತವನ್ನೇ ಯೋಚಿಸಿದ್ದೇನೆ ಎಂದು ದೇವರು ಹೇಳುವ ಮಾತು ಅದು. ಅದೊಂದನ್ನೇ ನಾನು ಓದುವುದಿಲ್ಲ. ಆ ಅಧ್ಯಾಯದ 1ರಿಂದ 14ನೇ ವಚನದವರೆಗೆ ಒಟ್ಟಿಗೆ ಓದುತ್ತೇನೆ. ಇದು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದವರಿಗೆ ಪ್ರವಾದಿ ಯೆರೆಮೀಯ ಯೆರೂಸಲೇಮಿನಿಂದ ಕಳಿಸಿದ ಪತ್ರ. 10ನೇ ವಚನದಲ್ಲಿ ಎಪ್ಪತ್ತು ವರ್ಷದ ಮಾತಿದೆ. ಅಂದರೆ ಪತ್ರ ಕೇಳಿಸಿಕೊಂಡ ಹಿರಿಯರಲ್ಲಿ ಬಹಳ ಮಂದಿ ಮತ್ತೆ ಊರು ನೋಡುವಂತಿರಲಿಲ್ಲ. ಅವರಿಗೆ 5ರಿಂದ 7ರಲ್ಲಿ ಹೇಳಿದ್ದು: ಮನೆ ಕಟ್ಟಿರಿ, ತೋಟ ಮಾಡಿರಿ, ಮಕ್ಕಳ ಮದುವೆ ಮಾಡಿರಿ, ನೀವು ಸೆರೆಯಾಗಿರುವ ಆ ಪಟ್ಟಣಕ್ಕಾಗಿಯೇ ಪ್ರಾರ್ಥಿಸಿರಿ. ವರ್ಗಾವಣೆಯ ದಾರಿ ಕಾಯುತ್ತ ದಾವಣಗೆರೆಯ ಬಾಡಿಗೆ ಮನೆಯಲ್ಲಿ ಅರೆಮನಸ್ಸಿನಿಂದ ದಿನ ತಳ್ಳುವವರಿಗೆ ಈ ಭಾಗ ಬೇಗ ಬಿಡುಗಡೆಯ ಮಾತು ಕೊಡುವುದಿಲ್ಲ. ಈ ಬೀದಿಯವರನ್ನು ನಿನ್ನವರೆಂದುಕೋ ಎನ್ನುತ್ತದೆ. ಕಾರ್ಡಿನ ಮಾತಿಗಿಂತ ಇದು ಕಷ್ಟ, ಆದರೆ ನಾಳೆ ಬೆಳಿಗ್ಗೆಯೇ ಮಾಡಬಹುದಾದದ್ದು.

ಭಾಗ ಆರಿಸುವಾಗ ಆರರಿಂದ ಇಪ್ಪತ್ತು ವಚನಗಳಷ್ಟು ಉದ್ದ ಸಾಕು. ಅಧ್ಯಾಯ, ವಚನಗಳ ಅಂಕಿಗಳನ್ನು ಬಹಳ ಕಾಲದ ಮೇಲೆ ಸೇರಿಸಿದ್ದು. ಅಂಕಿ ನೋಡಿ ನಿಲ್ಲಿಸಬೇಡಿ. ಮಾತಾಡುವವರು, ಜಾಗ ಅಥವಾ ಸಮಯ ಬದಲಾದಲ್ಲಿ ನಿಲ್ಲಿಸಿ. ಮಾರ್ಕ 10:46ರಿಂದ 52, ಕುರುಡ ಬಾರ್ತಿಮಾಯನ ಪ್ರಸಂಗ, ಹಾಗೆ ತಾನೇ ಪೂರ್ಣವಾದ ಒಂದು ಭಾಗ.

ಮೊದಲ ಸಲ ಪೆನ್ನು ಹಿಡಿಯದೆ ಗಟ್ಟಿಯಾಗಿ ಓದುತ್ತೇನೆ. ಎರಡನೇ ಸಲ ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರು ಎಂದು ನೋಟ್‌ಬುಕ್ಕಿನ ಎಡ ಪುಟದಲ್ಲಿ ಬರೆಯುತ್ತೇನೆ. ಮೂರನೇ ಸಲ ಮನಸ್ಸು ಎಲ್ಲಿ ತಡೆದು ನಿಂತಿತೋ ಆ ಮಾತು, ಅದು ನನ್ನ ಬದುಕಿನ ಯಾವುದನ್ನು ಮುಟ್ಟಿತು ಎಂಬುದು ಬಲ ಪುಟಕ್ಕೆ. ಎಡದಲ್ಲಿ ಆಧಾರವಿಲ್ಲದ್ದು ಬಲದಲ್ಲಿ ಬಂದಿದ್ದರೆ ಹೊಡೆದುಹಾಕುತ್ತೇನೆ, ಎಷ್ಟೇ ಹಿತವಾಗಿದ್ದರೂ.

ಈ ಎಡ ಪುಟ ಯಾಕೆ ಬೇಕು ಎಂಬುದಕ್ಕೆ ಯೋಬ 8:7 ನೋಡಿ. ನಿನ್ನ ಆರಂಭ ಚಿಕ್ಕದಾದರೂ ಮುಂದೆ ಬಹಳವಾಗಿ ವೃದ್ಧಿಯಾಗುವಿ ಎಂಬ ಇದನ್ನೂ ವಾಗ್ದಾನವೆಂದು ಎತ್ತಿಕೊಳ್ಳುವುದುಂಟು. ಹೇಳಿದವನು ಯೋಬನ ಸ್ನೇಹಿತ ಬಿಲ್ದದ. ಸತ್ತ ಮಕ್ಕಳು ಪಾಪದ ಫಲ ಉಂಡರೇನೋ ಎಂದು ತಂದೆಯಾದ ಯೋಬನ ಎದುರಿಗೇ ಆಡಿದ ಬೆನ್ನಲ್ಲೇ ಈ ಮಾತು ಬರುತ್ತದೆ. 42:7ರಲ್ಲಿ ದೇವರು, ಈ ಸ್ನೇಹಿತರು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಎಂದು ಕೋಪಿಸಿಕೊಳ್ಳುತ್ತಾನೆ.

ನಮ್ಮ ಚಿತ್ರದುರ್ಗ ಸೀಮೆಗೆ ಹಬಕ್ಕೂಕ 3:16ರಿಂದ 19 ತುಂಬ ಹತ್ತಿರ. ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಫಲಿಸದಿದ್ದರೂ, ಎಣ್ಣೆಮರ ಕೈಕೊಟ್ಟರೂ, ಹೊಲ ಬೆಳೆಯದಿದ್ದರೂ, ಕುರಿಹಟ್ಟಿ, ಕೊಟ್ಟಿಗೆ ಬರಿದಾದರೂ ದೇವರಲ್ಲಿ ಉಲ್ಲಾಸಿಸುವೆನು ಎನ್ನುತ್ತಾನೆ ಪ್ರವಾದಿ. ಆರು ನಷ್ಟಗಳು. ಒಂದೊಂದರ ಎದುರು ನಮ್ಮದನ್ನು ಬರೆಯಬೇಕು: ಕಾಯಿ ಕಟ್ಟದ ಶೇಂಗಾ, ಬತ್ತಿದ ಬೋರ್‌ವೆಲ್, ಒಣಗಿದ ಅಡಿಕೆ, ಮಾರಿದ ಕುರಿ, ತೀರದ ಸಾಲ. ಹೆಸರಿಡದೆ 18ನೇ ವಚನದ ಉಲ್ಲಾಸಕ್ಕೆ ಹಾರಿದರೆ ಅದು ಬಾಯಿಮಾತು. 16ರಲ್ಲಿ ಅವನ ತುಟಿ ಅದುರುತ್ತದೆ, ಕಾಲು ನಡುಗುತ್ತದೆ; ಕಸ್ದೀಯರ, ಅಂದರೆ ಬಾಬೆಲಿನವರ, ದಂಡು ಬರುವುದು ಅವನಿಗೆ ಗೊತ್ತು. ಪುಸ್ತಕ ಶುರುವಾಗುವುದೇ ‘ಎಷ್ಟು ಕಾಲ ಮೊರೆಯಿಡಲಿ’ ಎಂಬ ದೂರಿನಿಂದ. ಹಾಗಾಗಿ ಮೂರೂ ಅಧ್ಯಾಯ ಒಂದೇ ಸಲ ಕೂತು ಓದಿ, ಒಟ್ಟು 56 ವಚನ ಅಷ್ಟೇ.

ಕಣ್ಣು ಮುಚ್ಚಿ ಪುಟ ತೆರೆದು ಬೆರಳಿಟ್ಟಲ್ಲಿ ಉತ್ತರ ಹುಡುಕುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಬೇಡವಾದದ್ದು ಬಂದರೆ ಇನ್ನೊಂದು ಪುಟ ತೆರೆಯುತ್ತೇವೆ. ಕೊನೆಗೆ ಸಿಗುವುದು ನಮ್ಮ ಆಸೆಯೇ. ಬಲ ಪುಟದಲ್ಲಿ ಸೊಸೆಯ ತಪ್ಪು, ನೆರೆಯವರ ತಪ್ಪು ಬರತೊಡಗಿದರೂ ಅಲ್ಲಿಗೆ ನಿಲ್ಲಿಸಿ, ‘ನಾನು’ ಎಂದೇ ಮತ್ತೆ ಬರೆಯಿರಿ.

ಕೆಲವು ದಿನ ಏನೂ ಹೊಳೆಯುವುದಿಲ್ಲ. ಭಾಗ ಬದಲಿಸಬೇಡಿ, ಒಂದು ವಾರ ಅದನ್ನೇ ಓದಿ. ಸಾವಾದ ಮನೆಯಲ್ಲಿ ಓದುವುದಾದರೆ ನಾನು ಕೀರ್ತನೆ 88 ಆರಿಸುತ್ತೇನೆ. ಅದರ 18 ವಚನಗಳು ಕತ್ತಲಲ್ಲೇ ಮುಗಿಯುತ್ತವೆ. ಆ ದಿನ ಅದರ ಮೇಲೆ ಸಾಂತ್ವನದ ಇನ್ನೊಂದು ವಚನ ಸೇರಿಸಬೇಡಿ, ವಿವರಣೆಯನ್ನೂ ಕೊಡಬೇಡಿ; ಮನೆಯವರು ತಾವಾಗಿ ಮಾತಾಡುವವರೆಗೆ ಜೊತೆಯಲ್ಲಿರಿ.