ಸ್ಟುಡಿಯೋ ಮೀಟರ್ ಓಡುವ ಮುಂಚೆ: ಮೊದಲ ಆಲ್ಬಂ ಮಾಡುವವರಿಗೆ

ನಮ್ಮ ಆಲ್ಬಂನ ಐದನೇ ಹಾಡನ್ನು ಹೆಡ್‌ಫೋನ್ ಹಾಕಿ ಕೇಳಿದರೆ ಎರಡನೇ ಚರಣದ ಹಿಂದೆ ಕುಕ್ಕರ್ ಸೀಟಿ ಸಿಗುತ್ತದೆ. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಬೆಡ್‌ರೂಮಿನಲ್ಲಿ, ಬಾಗಿಲಿಗೆ ಎರಡು ರಜಾಯಿ ನೇತುಹಾಕಿ, ಪಕ್ಕದ ಮನೆಯ ಬೇಳೆ ಬೇಯುವ ಹೊತ್ತಿನಲ್ಲೇ ಹಾಡಿಸಿದ್ದರ ಫಲ ಅದು. ನಾನು ಬೇಸ್ ಗಿಟಾರಿನವನು. ಬ್ಯಾಂಡಿನ ಖರ್ಚಿನ ಡೈರಿ ಬರೆದವನೂ ನಾನೇ. ಆ ಡೈರಿ ತಿರುವಿದಾಗಲೆಲ್ಲ ಹೊಟ್ಟೆ ಉರಿಯುವುದು ಒಂದಕ್ಕೇ: ಸ್ಟುಡಿಯೋದಲ್ಲಿ ನುಡಿಸಿದ್ದಕ್ಕಿಂತ, "ಇಲ್ಲಿ ಏನು ಮಾಡೋಣ" ಎಂದು ಕೂತು ಯೋಚಿಸಿದ್ದಕ್ಕೆ ಹೆಚ್ಚು ದುಡ್ಡು ಕೊಟ್ಟಿದ್ದೇವೆ. ಯೋಚನೆಯನ್ನೆಲ್ಲ ಪುಕ್ಕಟೆ ಜಾಗದಲ್ಲಿ ಮುಗಿಸಿಕೊಳ್ಳಿ.

ಮೊದಲು ಹಾಡು ಆರಿಸಿ. ನಮ್ಮ ಹತ್ತಿರ 14 ಇದ್ದವು. ನಾವು ಅಭ್ಯಾಸ ಮಾಡುವ ಜ್ಯಾಮ್ ರೂಮಿನ ಮೂಲೆಯಲ್ಲಿ ಫೋನ್ ಇಟ್ಟು ಎಲ್ಲವನ್ನೂ ಹಿಡಿದುಕೊಂಡೆವು, ಆಮೇಲೆ ಒಂದು ವಾರ ನಾಲ್ವರೂ ಅವರವರ ಲೋಕಲ್ ರೈಲಿನಲ್ಲಿ ನೇತಾಡುತ್ತಾ ಕೇಳಿದೆವು. ಬೆರಳು ತಾನಾಗಿ ಮುಂದಿನ ಹಾಡಿಗೆ ಜಾರಿತೋ, ಆ ಹಾಡಿಗೆ ಗೆರೆ. ನಾನು ಬರೆದ ಆರು ನಿಮಿಷದ ಹಾಡೊಂದು ದಾರಿಯ ಠಾಣೆ ಊರಿನವರೆಗೂ ಬರಲಿಲ್ಲ. ಕೊನೆಗೆ ಉಳಿದದ್ದು 8.

ಇನ್ನು ಸಾಹಿತ್ಯ. ಕನ್ನಡದಲ್ಲಿ ರಾಕ್ ಹಾಡುವವರು ಹೆಚ್ಚು ಎಡವುವುದು ಇಲ್ಲಿ. ನಮ್ಮ ಒಂದು ಪಲ್ಲವಿ "ಮನ ಹೋಯಿತು" ಎಂದು ಶುರುವಾಗುತ್ತಿತ್ತು. ಗಿಟಾರಿನ ರಿಫ್ (ಮರುಕಳಿಸುವ ತುಣುಕು) ಜೋರಾಗಿತ್ತು, ಗಾಯಕನ ಗಂಟಲೂ ಜೋರಾಗಿತ್ತು. ಅಡುಗೆಮನೆಯಿಂದ ಅಮ್ಮ ಮಾತ್ರ ನಗುತ್ತಾ ಬಂದು, "ಯಾರ ಮಾನ ಹೋಯಿತು?" ಎಂದು ಕೇಳಿದರು. ಹೌದಲ್ಲ! ಅವನು ಪ್ರತಿ ಸಲವೂ "ಮಾ...ನ ಹೋಯಿತು" ಎಂದೇ ಎಳೆಯುತ್ತಿದ್ದ.

ಕಾರಣ ಹೇಳಿದವರು ಅಪ್ಪ. ಹಗಲು ಮುಂಬೈಯ ಫೋರ್ಟ್ ಪ್ರದೇಶದ ಕ್ಯಾಂಟೀನಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು ಅವರು. ಛಂದಸ್ಸು ಇನ್ನೂ ಬೆರಳಲ್ಲೇ ಇದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. "ಮನ" ಎಂದರೆ ಎರಡು, "ಹೋಯಿತು" ಎಂದರೆ ನಾಲ್ಕು. "ತಾಳ ಎಂಟು ಕೇಳ್ತದೆ ಮಗಾ, ನೀವು ಆರು ಕೊಟ್ಟಿದ್ದೀರಿ. ಎರಡು ಕಮ್ಮಿ ಉಂಟು, ಅದಕ್ಕೇ ಅವ ಎಳೆಯುವುದು" ಎಂದರು. ರಾಕ್‌ನ ಸಾಮಾನ್ಯ ನಾಲ್ಕು ಏಟಿನ ಬಾರ್‌ನಲ್ಲಿ (ತಾಳದ ಒಂದು ಸುತ್ತು) ಒಂದೊಂದು ಏಟನ್ನು ಎರಡಾಗಿ ಒಡೆದರೆ ಎಂಟು ಜಾಗ, ಅಂದರೆ ನಾಲ್ಕು ಮಾತ್ರೆಯ ಎರಡು ಗಣ. "ಮನಸ್ಸು ಹೋಯಿತು" ಎಂದು ಬದಲಿಸಿದೆವು. ಒತ್ತಕ್ಷರದ ಹಿಂದಿನ "ನ" ಗುರುವಾಗಿ ನಾಲ್ಕಕ್ಕೆ ನಾಲ್ಕು ಕೂತಿತು, ಅಮ್ಮನ ನಗುವೂ ನಿಂತಿತು. ಎಲ್ಲ ಸಾಲನ್ನೂ ಹೀಗೆ ಅಳೆದು ಬರೆಯಬೇಕೆಂದಲ್ಲ. ಗಾಯಕ ಎಲ್ಲಿ ಹ್ರಸ್ವವನ್ನು ದೀರ್ಘ ಮಾಡುತ್ತಿದ್ದಾನೋ ಅಲ್ಲಿ ಮಾತ್ರ ಬೆರಳು ಮಡಚಿ ಎಣಿಸಿ. ಎಳೆಯಬೇಕಾದ ಜಾಗಕ್ಕೆ ದೀರ್ಘಸ್ವರದ ಪದ ಹುಡುಕಿ. ಹಾಗೆಯೇ ಪ, ಬ, ಭ ಮೈಕಿನಲ್ಲಿ ಗುಮ್ಮುತ್ತವೆ, ಸ, ಶ ಸೀಳುತ್ತವೆ. ಮೈಕಿನ ಮುಂದೆ ಪಾಪ್ ಫಿಲ್ಟರ್ (ಉಸಿರಿನ ಹೊಡೆತ ತಡೆಯುವ ಜಾಲರಿ) ಹಾಕಿ, ಮೈಕನ್ನು ಬಾಯಿಗೆ ನೇರ ಇಡದೆ ಸ್ವಲ್ಪ ಓರೆ ಮಾಡಿದರೆ ಅರ್ಧ ತಾಪತ್ರಯ ಹೋಗುತ್ತದೆ.

ಪ್ರತಿ ಹಾಡಿನ ವೇಗವನ್ನೂ ಬರೆದಿಡಿ. ಜ್ಯಾಮ್ ರೂಮಿನ ಹುಮ್ಮಸ್ಸಿನಲ್ಲಿ ನಿಮಿಷಕ್ಕೆ 132 ಏಟಿಗೆ ಓಡುತ್ತಿದ್ದ ಒಂದು ಹಾಡಿನಲ್ಲಿ ಗಾಯಕನಿಗೆ ಉಸಿರೇ ಸಿಗುತ್ತಿರಲಿಲ್ಲ, 124ಕ್ಕೆ ಇಳಿಸಿದೆವು. ಡ್ರಮ್ಮರ್ ಮನೆಯಲ್ಲಿ ಪ್ರಾಕ್ಟೀಸ್ ಪ್ಯಾಡಿನ ಮೇಲೆ ಕ್ಲಿಕ್ (ವೇಗ ಹಿಡಿದಿಡುವ ಟಿಕ್-ಟಿಕ್ ಸದ್ದು) ಜೊತೆ ತಿಂಗಳುಗಟ್ಟಲೆ ಕೂರಲೇಬೇಕು. ಸ್ಟುಡಿಯೋದಲ್ಲೇ ಮೊದಲ ಸಲ ಕ್ಲಿಕ್ ಕೇಳುವ ಡ್ರಮ್ಮರ್‌ಗಿಂತ ದುಬಾರಿ ವಸ್ತು ಬೇರೆ ಇಲ್ಲ.

ಮುಂಬೈಯಲ್ಲಿ ಕಾಲವನ್ನೂ ನೋಡಬೇಕು. ಮಳೆಗಾಲದ ತೇವಕ್ಕೆ ಗಿಟಾರಿನ ಕತ್ತು ಬಾಗುತ್ತದೆ, ತಂತಿ ತುಕ್ಕು ಹಿಡಿಯುತ್ತದೆ, ಶ್ರುತಿ ನಿಲ್ಲುವುದಿಲ್ಲ. ಅದು ಮುಗಿಯುವುದರೊಳಗೆ ಗಣಪತಿಯ ಢೋಲ್-ತಾಶಾ ಅಭ್ಯಾಸ ಸಂಜೆಗಳನ್ನು ನುಂಗುತ್ತದೆ. ಆಗಸ್ಟಿಗೆಂದು ಮಾತಾಡಿದ್ದ ರೆಕಾರ್ಡಿಂಗನ್ನು ನಾವು ಡಿಸೆಂಬರಿಗೆ ತಳ್ಳಿದ್ದು ಇದಕ್ಕೇ. ರೆಕಾರ್ಡಿಂಗಿನ ಹಿಂದಿನ ವಾರ ಧೋಬಿ ತಲಾವಿನ ವಾದ್ಯದಂಗಡಿ ಫುರ್ಟಾಡೋಸ್‌ಗೆ ಹೋಗಿ ಹೊಸ ತಂತಿ, ಸ್ನೇರ್ ಡ್ರಮ್ಮಿನ ಹೊಸ ಹೆಡ್ಡು (ಮೇಲಿನ ಹೊದಿಕೆ) ತಂದೆವು. ಕಿಕ್ ಪೆಡಲಿಗೆ ಎಣ್ಣೆ ಬಿಡಿ. ಅದರ ಕಿರ್ರೆನ್ನುವ ಸದ್ದು ನಿಮಗೆ ಕೇಳದಿದ್ದರೂ ಮೈಕಿಗೆ ಕೇಳುತ್ತದೆ.

ಸ್ಟುಡಿಯೋ ದುಡ್ಡನ್ನು ಡ್ರಮ್ಸ್‌ಗೇ ಸುರಿಯಿರಿ. ಒಳ್ಳೆಯ ಕೋಣೆ, ಅಷ್ಟೊಂದು ಮೈಕು ಮನೆಯಲ್ಲಿ ಆಗದ ಕೆಲಸ. ಕ್ಲಿಕ್, ಗಿಟಾರ್ ಮತ್ತು ಗಾಯನದ ಕಚ್ಚಾ ಗೈಡ್ ಟ್ರ್ಯಾಕ್ (ಡ್ರಮ್ಮರ್ ಕೇಳುತ್ತಾ ನುಡಿಸುವ ಮಾದರಿ) ಮೊದಲೇ ಮಾಡಿಕೊಂಡು ಹೋಗಿದ್ದರಿಂದ ನಮ್ಮ ಎಂಟೂ ಹಾಡಿನ ಡ್ರಮ್ಸ್ ಎರಡು ದಿನದಲ್ಲಿ ಮುಗಿದವು. ಬೇಸ್, ಗಿಟಾರ್ ಮನೆಯಲ್ಲೇ ಆದವು, 24 ಬಿಟ್, 48 ಕಿಲೋಹರ್ಟ್ಸ್ ಗುಣಮಟ್ಟದಲ್ಲಿ. ಆಂಪಿಗೆ ಹೋಗುವ ಮುಂಚಿನ ಗಿಟಾರಿನ ಕ್ಲೀನ್ ಸಿಗ್ನಲ್ಲನ್ನೂ ಒಂದು ಬೇರೆ ಟ್ರ್ಯಾಕಿನಲ್ಲಿ ಹಿಡಿದಿಡಿ, ಆಂಪಿನ ಸದ್ದು ಆಮೇಲೆ ಹಿಡಿಸದಿದ್ದರೆ ಬದಲಿಸಬಹುದು. ಫೈಲುಗಳು ಎರಡು ಡ್ರೈವಿನಲ್ಲಿ, ಎರಡು ಮನೆಯಲ್ಲಿ ಇರಲಿ.

ಎಲ್ಲ ಟ್ರ್ಯಾಕುಗಳನ್ನು ಹದವಾಗಿ ಬೆರೆಸಿ ಮಿಕ್ಸ್ ಮಾಡುವವರ ಜೊತೆ ಒಬ್ಬನೇ ಮಾತಾಡಲಿ. ನಮ್ಮಲ್ಲಿ ಮೊದಲ ವಾರ ನಾಲ್ವರೂ ಬೇರೆ ಬೇರೆ ವಾಟ್ಸಾಪ್ ಮಾಡಿ, ನಾಲ್ವರೂ "ನನ್ನದು ಸ್ವಲ್ಪ ಜೋರು" ಎಂದಿದ್ದೆವು. ಮಿಕ್ಸ್ ಆದ ಮೇಲಿನ ಕೊನೆಯ ಹಂತವಾದ ಮಾಸ್ಟರಿಂಗ್‌ನಲ್ಲಿ ಸದ್ದನ್ನು ಕಿವುಚಿ ಎತ್ತರಿಸುವ ಹಟವೂ ಬೇಡ, ಸ್ಪಾಟಿಫೈ ಹೇಗೂ ಮೈನಸ್ 14 ಲಫ್ಸ್ (ಜೋರಿನ ಅಳತೆ) ಸುತ್ತಮುತ್ತ ತಂದು ನಿಲ್ಲಿಸುತ್ತದೆ. ಫೋನಿನ ಸ್ಪೀಕರಿನಲ್ಲಿ ಬೇಸ್ ಮಾಯವಾಗುತ್ತದೆ. ಅದಕ್ಕೆ ಸದ್ದನ್ನು ಒರಟಾಗಿಸುವ ಡಿಸ್ಟಾರ್ಶನ್ ಕೊಂಚ ಸೇರಿಸಲು ಕೇಳಿ. ಇಷ್ಟು ಸ್ವಾರ್ಥ ನನಗೂ ಇರಲಿ.

ಕಾಗದದ ಕೆಲಸವನ್ನು ರೆಕಾರ್ಡಿಂಗಿಗೆ ಮುಂಚೆಯೇ ಮುಗಿಸಿ, ಎಲ್ಲರೂ ಇನ್ನೂ ಒಂದೇ ಪ್ಲೇಟಿನ ಇಡ್ಲಿ ತಿನ್ನುತ್ತಿರುವಾಗ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಮೂರೂ ಬೇರೆ ಬೇರೆ ಕೃತಿಗಳು. ಬರೆದವರ ಹಕ್ಕು ಅವರ ಜೀವಮಾನ ಕಳೆದು 60 ವರ್ಷ, ಧ್ವನಿಮುದ್ರಣದ್ದು ಪ್ರಕಟವಾದ ಮೇಲೆ 60 ವರ್ಷ. ಯಾವ ಹಾಡಿನಲ್ಲಿ ಯಾರಿಗೆ ಎಷ್ಟು ಪಾಲು ಎಂದು ಒಂದು ಹಾಳೆಯಲ್ಲಿ ಬರೆದು ನಾಲ್ವರೂ ಸಹಿ ಹಾಕಿ. ಬರೆದವರು, ರಾಗ ಹಾಕಿದವರು ಐಪಿಆರ್‌ಎಸ್ (ಹಾಡಿನ ರಾಯಧನ ವಸೂಲಿ ಮಾಡಿ ಹಂಚುವ ಸಂಸ್ಥೆ) ಸದಸ್ಯತ್ವ ಪಡೆಯಿರಿ.

ಬಿಡುಗಡೆಗೆ ಶುಕ್ರವಾರ ವಾಡಿಕೆ. ಸ್ಪಾಟಿಫೈ ಪ್ಲೇಲಿಸ್ಟಿನವರಿಗೆ ಹಾಡು ಕಳಿಸಲು ಕಡೇಪಕ್ಷ ಏಳು ದಿನ ಮುಂಚೆ ಅಪ್‌ಲೋಡ್ ಆಗಿರಬೇಕು. ನೀವು ನಾಲ್ಕು ವಾರ ಇಟ್ಟುಕೊಳ್ಳಿ. ಹನ್ನೆರಡು ತಿಂಗಳಲ್ಲಿ 1000 ಸಲ ಕೇಳದ ಹಾಡಿಗೆ ಅಲ್ಲಿ ಧ್ವನಿಮುದ್ರಣದ ದುಡ್ಡು ಹುಟ್ಟುವುದಿಲ್ಲ, ಆದ್ದರಿಂದ ಡೈರಿಯ ಆದಾಯದ ಪುಟವನ್ನು ಸದ್ಯಕ್ಕೆ ಖಾಲಿ ಬಿಡಿ. ಪ್ರತಿ ಧ್ವನಿಮುದ್ರಣಕ್ಕೂ 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಎಂಬ ಗುರುತಿನ ಕೋಡ್ ಸಿಗುತ್ತದೆ, ಹಾಡನ್ನು ಸ್ಪಾಟಿಫೈಯಂಥ ಕಡೆ ತಲುಪಿಸುವ ವಿತರಕರನ್ನು ಬದಲಿಸಿದರೂ ಕೋಡ್ ಬದಲಿಸಬೇಡಿ.

ಇನ್ನೊಂದು. ಬ್ಯಾಂಡಿನ ಹೆಸರಿನ ಇಂಗ್ಲಿಷ್ ಕಾಗುಣಿತ ಎಲ್ಲೆಡೆ ಒಂದೇ ಇರಲಿ. ಮೊದಲು ಬಿಟ್ಟ ಸಿಂಗಲ್‌ನಲ್ಲಿ ನಾವು ಒಂದೇ "ಎ" ಹಾಕಿದ್ದೆವು, ಆಲ್ಬಂನಲ್ಲಿ ಎರಡು. ಈಗ ನಮಗೆ ಎರಡು ಕಲಾವಿದ-ಪುಟಗಳಿವೆ: ಒಂದರಲ್ಲಿ ಎಂಟು ಹಾಡು, ಇನ್ನೊಂದರಲ್ಲಿ ಕುಕ್ಕರ್ ಸೀಟಿಯ ಆ ಹಾಡೊಂದೇ.